ಕಣಗಿಲೆ ಹಚ್ಚಿದ ಕೈ

ಸಿಂದಗಿಯ ನಮ್ಮ ಮನೆಯ ಹಿತ್ತಲಲ್ಲಿ ಒಂದು ಬಾವಿ ಇತ್ತು. ಅದರ ನೀರು ಸವಳು. ಆ ನೀರಿಗೆ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ, ಎರಕೊಂಡರೆ ತಲೆಗೂದಲು ನಾರಿನಂತೆ ಬಿರುಸಾಗುತ್ತಿತ್ತು. ಕುಡಿಯುವ ನೀರನ್ನು ಓಣಿಯ ನಳದಿಂದ ಹೊತ್ತು ತರಬೇಕು. ನಳ ಯಾವಾಗ ಬರುತ್ತದೆಂದು ಯಾರಿಗೂ ಖಾತ್ರಿ ಇರಲಿಲ್ಲ. ಹಿತ್ತಲಿನದು ಎರೆಮಣ್ಣು. ಮಳೆಗಾಲದಲ್ಲಿ ಚಪ್ಪಲಿ ಕಚ್ಚಿ ಹಿಡಿಯುವ ಅದೇ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತಿತ್ತು. ಆ ಬಿರುಕುಗಳಲ್ಲಿ ನಾನು ಮೊಣಕೈ ತನಕ ಕೈ ಇಳಿಸಿ ಕೆಳಗೆಲ್ಲಾದರೂ ತಂಪು ಸಿಗುತ್ತದೆಯೇ ಎಂದು ನೋಡುತ್ತಿದ್ದೆ. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಅಲ್ಲಿ ಮಲ್ಲಿಗೆ ಹಚ್ಚಿ ನೋಡಿದ್ದಳಂತೆ, ಕರಿಬೇವು ಹಚ್ಚಿ ನೋಡಿದ್ದಳಂತೆ. ಒಂದೂ ಬೇಸಿಗೆ ದಾಟಲಿಲ್ಲ. ಆಮೇಲೆ ಅವಳು ಹಿತ್ತಲನ್ನು ಸಗಣಿಯ ಕುಳ್ಳು ಬಡಿಯಲು ಮತ್ತು ಹಪ್ಪಳ ಒಣಹಾಕಲು ಬಿಟ್ಟುಕೊಟ್ಟಳು. ಮನೆ ಮಣ್ಣಿನ ಮಾಳಿಗೆಯದು. ಪಡಸಾಲೆಯಲ್ಲಿ ಆಯಿ ಮಲಗುವ ಹೊರಸು, ನಡುಮನೆಯಲ್ಲಿ ಜೋಳದ ಚೀಲಗಳು, ಅವುಗಳ ಹಿಂದೆ ಅಡಿಗೆಮನೆ. ಅದರ ಮಾಳಿಗೆಗೆ ಒಂದು ಬೆಳಕಿಂಡಿ. ಮಧ್ಯಾಹ್ನ ಅದರಿಂದ ಇಳಿಯುವ ಬಿಸಿಲಿನಲ್ಲಿ ಅವ್ವನ ರೊಟ್ಟಿ ಬಡಿಯುವ ಕೈಗಳು ಮಾತ್ರ ಬೆಳಗುತ್ತಿದ್ದವು, ಮುಖ ಹೊಗೆಯಲ್ಲಿರುತ್ತಿತ್ತು. ಅಪ್ಪ ಬಸ್ಸಿನ ಕಂಡಕ್ಟರ್. ದಿನವಿಡೀ ಊರುಗಳ ಹೆಸರು ಕೂಗಿ ಕೂಗಿ ಮನೆಗೆ ಬರುವಷ್ಟರಲ್ಲಿ ಅವನ ಮಾತು ಮುಗಿದಿರುತ್ತಿತ್ತು. ಟಿಕೆಟ್ಟಿನ ಚೀಲವನ್ನು ಗೂಟಕ್ಕೆ ಹಾಕಿ, ಕಾಲು ತೊಳೆದು, ತಟ್ಟೆಯ ಮುಂದೆ ಕೂತರೆ ‘ನೀರು’ ಎಂಬುದೊಂದೇ ಅವನ ಬಾಯಿಂದ ಹೊರಡುತ್ತಿದ್ದ ಮಾತು.

ಅವ್ವನ ತವರು ಹೂವಿನ ಹಿಪ್ಪರಗಿ. ನನ್ನ ತಮ್ಮ ಈರಣ್ಣ ಹುಟ್ಟಿದ್ದು ಅಲ್ಲೇ. ಬಾಣಂತನ ಮುಗಿಸಿ ಬಂದ ಅವ್ವನ ಒಂದು ಕಂಕುಳಲ್ಲಿ ಕೂಸಿತ್ತು, ಇನ್ನೊಂದು ಕಂಕುಳಲ್ಲಿ ತೋಯ್ದ ಗೋಣಿತಟ್ಟಿನ ಗಂಟು. ಆಯಿ ಕೂಸಿಗೆ ರೊಟ್ಟಿ ನಿವಾಳಿಸಿ ಒಳಗೆ ಕರೆದುಕೊಂಡಳು. ಗಂಟನ್ನು ಮಾತ್ರ ಹೊಸ್ತಿಲ ಹೊರಗೇ ತಡೆದಳು.

“ಕೂಸಿನ್ನ ತಂದಿ, ಚಲೋ ಆತು. ಈ ಕಟಗಿ ಯಾಕ ತಂದಿ ಗಂಗಾ?”

“ಕಣಗಿಲ ಟೊಂಗಿ ಅದಾವ್ರಿ ಅತ್ತಿ. ನಿಮ್ಮ ಪೂಜಾಕ್ಕ ಹೂವಾಗ್ತಾವು.”

“ಇಲ್ಲಿ ಮನಷ್ಯಾರಿಗೇ ನೀರಿಲ್ಲ. ಮಂದಿ ತಿನ್ನೂದಲ್ಲ, ದನಾ ತಿನ್ನೂದಲ್ಲ, ಅಂಥಾ ಗಿಡಾ ತಗೊಂಡು ಏನ್ ಮಾಡ್ತಿ?”

“ದನಾ ತಿನ್ನೂದಿಲ್ಲ ಅಂತನ ಉಳಿತೈತ್ರಿ,” ಅಂದಳು ಅವ್ವ.

ಆಯಿ ನಕ್ಕಳು. ಅವಳು ಬರಿಯ ಗಡಸು ಹೆಂಗಸಲ್ಲ, ಇದನ್ನು ನಾನು ಮೊದಲೇ ಹೇಳಿಬಿಡಬೇಕು. ಎದುರು ಮಾತಾಡಿದ ಸೊಸೆಯನ್ನು ಬೈಯುವ ಬದಲು ನಕ್ಕು ದಾರಿ ಬಿಟ್ಟ ಆ ಮುಖ ನನಗೆ ನೆನಪಿದೆ. ಮುಂದಿನದನ್ನೆಲ್ಲ ಹೇಳುವಾಗ ಆ ನಗುವನ್ನೂ ಇಟ್ಟುಕೊಂಡೇ ಹೇಳುತ್ತಿದ್ದೇನೆ.

ಅವ್ವ ಟೊಂಗೆಗಳನ್ನು ನೇರ ನೆಲಕ್ಕೆ ಹಾಕಲಿಲ್ಲ. ಕಿರುಬೆರಳಿಗಿಂತ ತುಸು ದಪ್ಪಗಿದ್ದವನ್ನು ಆರಿಸಿ, ಕೆಳಗಿನ ಎಲೆಗಳನ್ನೆಲ್ಲ ಚಿವುಟಿ, ಎಣ್ಣೆಯ ಹಳೆಯ ಡಬ್ಬಿಗಳಲ್ಲಿ ಮರಳು ತುಂಬಿ ಚುಚ್ಚಿ, ಬಚ್ಚಲಮನೆಯ ನೆರಳಿಗೆ ಇಟ್ಟಳು. ಟೊಂಗೆ ಮುರಿದಲ್ಲಿ ಹಾಲು ಒಸರುತ್ತಿತ್ತು. ನಾನು ಕೈ ಚಾಚಿದರೆ ಹಿಂದಕ್ಕೆ ಸರಿಸುತ್ತಿದ್ದಳು. ಮುಟ್ಟಿದ ಮೇಲೆ ಬೂದಿ ಹಚ್ಚಿ ಕೈ ತೊಳೆಯದೆ ನನಗೆ ರೊಟ್ಟಿ ಕೊಡುತ್ತಿರಲಿಲ್ಲ. ಬೇರು ಬಿಟ್ಟ ಮೇಲೆ ಹಿತ್ತಲ ಗೋಡೆಯ ಉದ್ದಕ್ಕೆ ಗುಂಡಿ ತೋಡಿದಳು. ಗಟ್ಟಿ ಎರೆಮಣ್ಣು ಗುದ್ದಲಿಗೆ ಕಲ್ಲಿನಂತೆ ಟಣ್ ಎನ್ನುತ್ತಿತ್ತು. ಗುಂಡಿಯ ತಳಕ್ಕೆ ಒಡೆದ ಹಂಚಿನ ಚೂರು, ಮೇಲೆ ಮರಳು, ತಿಪ್ಪೆಯ ಗೊಬ್ಬರ. ಎರೆಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಈ ಗಿಡ ಬಾಯಾರಿಕೆ ತಡೆಯುತ್ತದೆ, ನೀರಲ್ಲಿ ನಿಲ್ಲುವುದನ್ನು ತಡೆಯುವುದಿಲ್ಲ ಎಂದು ನನಗೆ ಹೇಳುತ್ತಲೇ ತೋಡುತ್ತಿದ್ದಳು. ಬುಡಕ್ಕೆಲ್ಲ ಜೋಳದ ಕಣಿಕೆ ಮುಚ್ಚಿದಳು. ದಿನಾ ಚೂರು ಚೂರು ನೀರು ಹಾಕಲು ನಾನು ಹೋದರೆ ಬೇಡವೆನ್ನುತ್ತಿದ್ದಳು. ವಾರಕ್ಕೊಮ್ಮೆ, ಅದೂ ಬೇರಿನ ತಳಕ್ಕೆ ಮುಟ್ಟುವಷ್ಟು.

“ದಿನಾ ಕುಡಸಿದ್ರ ಬೇರು ಮ್ಯಾಲೇ ಕುಂದರ್ತಾವು ಸುಮಿ. ಒಂದ್ಸಲ ಕುಡಿಸಿ ಬಿಟ್ರ, ನೀರ ಹುಡಿಕ್ಕೋಂತ ತಳಕ್ಕಿಳಿತಾವು. ಆಮ್ಯಾಲೆ ಬ್ಯಾಸಿಗಿ ಏನೂ ಮಾಡಂಗಿಲ್ಲ.”

ಬಚ್ಚಲ ನೀರನ್ನು ಗಿಡಗಳ ಕಡೆ ತಿರುಗಿಸಲು ಅವಳು ಕಾಲುವೆ ತೆಗೆದದ್ದಕ್ಕೆ ಆಯಿಯೊಂದಿಗೆ ದೊಡ್ಡ ಜಗಳವಾಯಿತು. ಕುಳ್ಳು ಬಡಿಯುವ ಜಾಗ ಹಸಿಯಾಗುತ್ತದೆಂಬುದು ಆಯಿಯ ತಕರಾರು. ಅತ್ತೆ ಸೊಸೆ ಒಂದಿಡೀ ವಾರ ಒಬ್ಬರೊಂದಿಗೊಬ್ಬರು ಮಾತಾಡದೆ, ಎಲ್ಲವನ್ನೂ ನನ್ನ ಮೂಲಕ ಹೇಳಿಕಳಿಸಿದರು. ಒಲೆಯ ಬದಿಯಲ್ಲಿ ಮೊಣಕಾಲು ತಾಗುವಷ್ಟು ಹತ್ತಿರ ಕೂತು, “ನಿಮ್ಮವ್ವಗ ಉಪ್ಪು ಕಡಿಮಿ ಐತಂತ ಹೇಳು,” “ನಿಮ್ಮ ಆಯಿಗೆ ಖಾರದ ಹಿಂಡಿ ಹಚ್ಕೋರಿ ಅಂತ ಹೇಳು” ಎನ್ನುತ್ತಿದ್ದರು. ಆದರೆ ಸವಳು ನೀರನ್ನು ಕುಡಿದೂ ಕಣಗಿಲೆ ಎದ್ದವು. ಮರುವರ್ಷ ಗೋಡೆಯ ಎತ್ತರ, ಅದರ ಮುಂದಿನ ವರ್ಷ ಗೋಡೆ ದಾಟಿ. ಏಪ್ರಿಲ್‌ನಲ್ಲಿ ಓಣಿಯ ಬೇವು ಕೂಡ ಧೂಳು ಹಿಡಿದು ಬಿಳಚಿದ್ದಾಗ ನಮ್ಮ ಹಿತ್ತಲಿನಲ್ಲಿ ಮಾತ್ರ ಹಸಿರು ಗೋಡೆ, ಅದರ ತುಂಬ ಗುಲಾಬಿ ಮತ್ತು ಬಿಳಿಯ ಗೊಂಚಲು. ಶ್ರಾವಣದಲ್ಲಿ ಆಯಿಯೇ ಮುಂಜಾನೆ ಮಡಿಯಲ್ಲಿ ಬುಟ್ಟಿ ಹಿಡಿದು ಹೋಗಿ ಹೂ ಬಿಡಿಸಿ ತರುತ್ತಿದ್ದಳು. ಅಂಗೈಯಲ್ಲಿ ಲಿಂಗವಿಟ್ಟು, ಒಂದೊಂದೇ ಬಿಳಿಯ ಹೂ ಏರಿಸಿ, ಕಣ್ಣು ಮುಚ್ಚಿ ಕೂತರೆ ಎಷ್ಟೋ ಹೊತ್ತು ಏಳುತ್ತಿರಲಿಲ್ಲ. ಓಣಿಯ ಹೆಂಗಸರು ಹೂ ಕೇಳಲು ಬಂದರೆ, “ನಮ್ಮ ಗಂಗಾ ಹಚ್ಚ್ಯಾಳ, ನೋಡ್ರಿ, ಆಕಿ ಕೈ ಅಂಥಾದ್ದು” ಎಂದು ಅವಳೇ ಹೇಳುತ್ತಿದ್ದಳು. ಒಲೆಯ ಮುಂದಿದ್ದ ಅವ್ವ ಅದನ್ನು ಕೇಳಿಯೂ ಕೇಳದಂತೆ ರೊಟ್ಟಿ ತಿರುವಿಹಾಕುತ್ತಿದ್ದಳು. ಅವಳ ಕಿವಿಯ ಹಾಲೆ ಕೆಂಪಗಾಗುತ್ತಿದ್ದುದು ನನಗೆ ಕಾಣುತ್ತಿತ್ತು.

ಈರು ಆ ಹಿತ್ತಲಿನಲ್ಲೇ ಬೆಳೆದ. ತಲೆ ತುಂಬ ಗುಂಗುರು ಕೂದಲು. ಮಾತು ತಡವಾಗಿ ಬಂದು, ಬಂದ ಮೇಲೆ ನಿಲ್ಲಲೇ ಇಲ್ಲ. ಅಪ್ಪನಂತೆ ಟಿಕೆಟ್ ಹರಿಯುವುದು ಅವನ ಆಟ. ಆಯಿಯ ಹೊರಸೇ ಅವನ ಬಸ್ಸು. ‘ಇಂಡೀ, ಇಂಡೀ’ ಎಂದು ಕೂಗಿ, ಆಯಿಗೆ ಎಲೆಯ ಚೂರೊಂದನ್ನು ಕೊಟ್ಟು, ‘ಇಳೀರಿ ಅಜ್ಜಿ, ಊರ ಬಂತು’ ಎಂದು ಹೊರಸಿನಿಂದ ದಬ್ಬುತ್ತಿದ್ದ. ಆಯಿ ನಿಜವಾಗಿಯೂ ಸೊಂಟ ಹಿಡಿದುಕೊಂಡು ಇಳಿದು, ಮತ್ತೆ ಹತ್ತುತ್ತಿದ್ದಳು. ಆ ಎಲೆ ಬೇವಿನದು. ಕಣಗಿಲೆಯನ್ನು ಅವನು ಮುಟ್ಟುತ್ತಿರಲಿಲ್ಲ. ಅವ್ವ ಅವನಿಗೆ ನಡೆಯಲು ಬಂದ ದಿನದಿಂದ ಅದನ್ನು ಕಲಿಸಿದ್ದಳು. ಯಾರಾದರೂ ಹೊಸಬರು ಬಂದರೆ ಆ ಗಿಡ ತೋರಿಸಿ, ನಾಲಿಗೆ ಹೊರಹಾಕಿ, “ಇದು ಕಹಿ, ಸತ್ತಹೋಗ್ತಾರ” ಎಂದು ಅವನೇ ಎಚ್ಚರಿಸುತ್ತಿದ್ದ.

ಒಂದು ಬೇಸಿಗೆ ಅವ್ವ ಹೂ ಮುಗಿದ ಟೊಂಗೆಗಳನ್ನು ಕತ್ತರಿಸಿ, ಹೂಳಲೆಂದು ಹಿತ್ತಲ ಮೂಲೆಯಲ್ಲಿ ಗುಂಡಿ ತೋಡುತ್ತಿದ್ದಳು. ಅಷ್ಟರಲ್ಲಿ ನಳ ಬಂತೆಂದು ಓಣಿಯಲ್ಲಿ ಕೂಗೆದ್ದಿತು. ಅವಳು ಕೊಡ ಹಿಡಿದು ಓಡಿದಳು. ಪಕ್ಕದ ಮನೆಯ ದುಂಡವ್ವನ ಆಡು ಗೋಡೆ ಹಾರಿ ಬಂದು, ಬಿಸಿಲಿಗೆ ಬಾಡಿದ ಆ ಎಲೆ ತಿಂದಿತು. ಹಸಿಯಿದ್ದಾಗ ಕಹಿಗೆ ಬಾಯಿ ಹಾಕದ ಆಡು ಬಾಡಿದ್ದನ್ನು ತಿಂದುಬಿಡುತ್ತದೆ. ಸಂಜೆಯೊಳಗೆ ಅದು ಕಾಲು ಚಾಚಿ, ಬಾಯಲ್ಲಿ ಬಿಳಿ ನೊರೆ ಬಿಟ್ಟು ಸತ್ತಿತು. ಅವ್ವ ದುಂಡವ್ವನ ಮನೆಗೆ ಹೋಗಿ ತಲೆ ತಗ್ಗಿಸಿ ನಿಂತಳು, ತವರಿಂದ ಒಂದು ಆಡಿನ ಮರಿ ತರಿಸಿಕೊಟ್ಟಳು. ಗೋಡೆಯ ಮೇಲೆ ಜಾಲಿಮುಳ್ಳು ಹೇರಿಸಿದಳು. ಅಲ್ಲಿಗೆ ಅದು ಮುಗಿಯಿತು ಎಂದು ನಾವು ತಿಳಿದೆವು. ದುಂಡವ್ವ ಆಮೇಲೂ ಪೂಜೆಗೆ ಹೂ ಒಯ್ಯುತ್ತಿದ್ದಳು.

ಈರುವಿಗೆ ಜ್ವರ ಬಂದಾಗ ಸಾಲೆಗೆ ರಜೆ ಇತ್ತು. ಆ ವಾರವೆಲ್ಲ ಅವನು ನನ್ನ ಜೊತೆಗೇ ಇದ್ದ. ಪಡಸಾಲೆಯಲ್ಲಿ ನಾವಿಬ್ಬರೂ ಹುಣಸೆಬೀಜದಿಂದ ಆಡುತ್ತಿದ್ದೆವು. ಆಟದ ನಡುವೆಯೇ ಅವನು ತಲೆ ನೋಯುತ್ತದೆ ಎಂದು ನನ್ನ ತೊಡೆಯ ಮೇಲೆ ಮಲಗಿದ. ಮೈ ಕಾದ ಹಂಚಿನಂತಿತ್ತು. ಅಪ್ಪ ಬಸ್ಸಿನೊಡನೆ ಹೊರ ಊರಿಗೆ ಹೋಗಿದ್ದ. ಅವ್ವ ಒದ್ದೆ ಬಟ್ಟೆ ಹಾಕಿದಳು. ಮರುದಿನ ಅವನು ವಾಂತಿ ಮಾಡಿಕೊಂಡ. ಬೆಳಕು ನೋಡಲಾರದೆ ಮುಖ ಮುಚ್ಚಿಕೊಳ್ಳತೊಡಗಿದ.

“ಅತ್ತಿ, ದವಾಖಾನಿಗೆ ಹೋಗೂಣ್ರಿ. ಹುಡುಗನ ಮಾರಿ ಬ್ಯಾರೇನ ಆಗೈತಿ.”

“ದೃಷ್ಟಿ ಆಗೈತಿ ಗಂಗಾ. ಇಂಥಾ ಕೂದಲಾ, ಇಂಥಾ ಮಾತು, ಯಾರ ಕಣ್ಣ ಬಿತ್ತೋ ಏನೋ. ಮಠದ ಅಜ್ಜನ ಕಡಿಂದ ದಾರಾ ಕಟ್ಟಿಸ್ಕೊಂಡ ಬರ್ತೇನಿ. ಸೂಜಿ ಚುಚ್ಚಿಸಿದ್ರ ಕೂಸು ಇನ್ನಷ್ಟ ಹೆದರ್ತೈತಿ.”

“ಒಂದ್ಸಲ ತೋರಸ್ಕೊಂಡ ಬರ್ತೇನ್ರಿ.”

“ಗಂಡಸರಿಲ್ಲದ ಎಲ್ಲಿಗೆ ಒಯ್ತಿ? ಅವ ಬರ್ಲಿ.”

ಆಯಿ ದಾರ ಕಟ್ಟಿಸಿ ತಂದಳು. ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಮೊಮ್ಮಗನ ಪಕ್ಕ ಬಿಟ್ಟು ಏಳಲಿಲ್ಲ, ಊಟವನ್ನೂ ಮಾಡಲಿಲ್ಲ. ಅದರ ಮರುದಿನ ಮುಂಜಾನೆ ಈರುವಿನ ಕುತ್ತಿಗೆ ಬಿಗಿದು ತಲೆ ಹಿಂದಕ್ಕೆ ಬಾಗಿತು, ಕೈಕಾಲು ಸೆಟೆದವು. ಅವ್ವ ಆಯಿಯ ಮಾತಿಗೆ ಕಾಯಲಿಲ್ಲ. ಅವನನ್ನು ಎತ್ತಿಕೊಂಡು ಬರಿಗಾಲಲ್ಲಿ ಬಸ್‌ಸ್ಟ್ಯಾಂಡಿಗೆ ಓಡಿದಳು. ಅಪ್ಪ ಅದೇ ಹೊತ್ತಿಗೆ ಬಂದಿಳಿದಿದ್ದನಂತೆ. ಇಬ್ಬರೂ ಬಿಜಾಪುರದ ದೊಡ್ಡ ದವಾಖಾನೆಗೆ ಒಯ್ದರು. ಮೂರನೆಯ ದಿನ ಮಧ್ಯಾಹ್ನ ಬಾಡಿಗೆ ಜೀಪೊಂದು ನಮ್ಮ ಬಾಗಿಲಿಗೆ ಬಂದು ನಿಂತಿತು. ಅಪ್ಪನ ಕೈಯಲ್ಲಿ ಬಿಳಿಯ ಬಟ್ಟೆಯ ಗಂಟಿತ್ತು. ನಾನು ಅದನ್ನು ಹಾಸಿಗೆ ಬಟ್ಟೆ ಎಂದುಕೊಂಡು, ಈರು ಎಲ್ಲಿ ಎಂದು ಜೀಪಿನೊಳಗೆ ಇಣುಕಿ ನೋಡಿದೆ.

ಮಣ್ಣು ಕೊಟ್ಟು ಬಂದ ಮೇಲೆ ಓಣಿಯ ಹೆಂಗಸರು ಪಡಸಾಲೆ ತುಂಬ ಕೂತಿದ್ದರು. ಆಯಿ ಹೊರಸಿನ ಕಾಲಿಗೆ ಒರಗಿ ತಲೆ ಚಚ್ಚಿಕೊಳ್ಳುತ್ತಿದ್ದಳು. ಆಗ ದುಂಡವ್ವ, ಬಹುಶಃ ಸುಮ್ಮನೆ ಏನಾದರೂ ಹೇಳಬೇಕೆಂದೇ, ಆ ಮಾತು ಆಡಿದಳು.

“ಬಾಯಾಗ ನೊರಿ ಬಂದಿತ್ತಂತ. ಕಾಲ ಸೆಟದಿದ್ದುವಂತ. ನಮ್ಮ ಆಡಿಗೂ ಹಿಂಗ ಆಗಿತ್ತವ್ವಾ.”

ಆಯಿಯ ಅಳು ನಿಂತಿತು. ಅವಳು ತಲೆಯೆತ್ತಿ ಹಿತ್ತಲ ಬಾಗಿಲ ಕಡೆ ನೋಡಿದಳು. ಎಷ್ಟು ಬೇಗ ಅವಳು ಆ ಮಾತನ್ನು ಹಿಡಿದುಕೊಂಡಳೆಂದರೆ, ಮುಳುಗುವವಳ ಕೈಗೆ ಹಗ್ಗ ಸಿಕ್ಕಂತೆ ಎಂದು ಈಗ ನನಗನ್ನಿಸುತ್ತದೆ. ದವಾಖಾನೆಗೆ ಒಯ್ಯದಂತೆ ತಡೆದವಳು ತಾನು ಎಂಬುದನ್ನು ಅವಳ ಮನಸ್ಸು ಆಗಲೇ ಲೆಕ್ಕ ಹಾಕುತ್ತಿದ್ದಿರಬೇಕು.

“ಆ ಗಿಡಾ. ಆ ಗಿಡಾನ ನನ್ನ ಕೂಸಿನ್ನ ತಿಂತು. ತವರಿಂದ ಕಂಕಳಾಗ ಇಟಗೊಂಡ ತಂದ್ಳು.”

ನಾನು ನಡುಮನೆಯ ಬಾಗಿಲಲ್ಲಿದ್ದೆ. ಹೆದರಿಕೆಯಾಗುತ್ತಿತ್ತು, ಆದರೂ ಮುಂದೆ ಬಂದು ಹೇಳಿದೆ.

“ಈರು ಗಿಡಾ ಮುಟ್ಟಿಲ್ಲ ಆಯಿ. ವಾರಾಪೂರ್ತಿ ನನ್ನ ಕೂಡನ ಇದ್ದ. ಅವಂಗ ಜ್ವರಾ ಬಂದಿತ್ತು.”

“ಸಣ್ಣಾಕಿ ಅದಿ, ನಿಂಗೇನ ತಿಳಿತೈತಿ?”

ನಾನು ಅಪ್ಪನ ಕಡೆ ತಿರುಗಿದೆ. ಅವನು ಕಂಬಕ್ಕೆ ಒರಗಿ ನಿಂತಿದ್ದ. ನನ್ನನ್ನು ನೋಡಿದ, ಅವ್ವನನ್ನು ನೋಡಿದ. ಏನೋ ಹೇಳುತ್ತಾನೆಂದು ಕಾದೆ.

“ಸುಮಿ, ಒಳಗ ಹೋಗು,” ಅಂದ.

ಈಗ ನಾನು ಮುದ್ದೇಬಿಹಾಳದ ಕಡೆಯ ಹಳ್ಳಿಗಳಲ್ಲಿ ದವಾಖಾನೆಯ ನರ್ಸಾಗಿ ತಿರುಗುತ್ತೇನೆ. ಕೂಸೊಂದು ತೀರಿಕೊಂಡ ಮನೆಗೆ ಹೋದರೆ, ಗಂಡಸರು ಪಡಸಾಲೆಯಲ್ಲೇ ನಿಲ್ಲಿಸಿ ‘ಏನಾಗಿತ್ತು ಸಿಸ್ಟರ್’ ಎಂದು ಕೇಳುತ್ತಾರೆ. ನಾನು ಅವರನ್ನು ದಾಟಿ ಒಳಗೆ ಹೋಗಿ ತಾಯಿಯ ಪಕ್ಕ ಕೂತು, ಅವಳಿಗೇ ಮೊದಲು ಹೇಳುತ್ತೇನೆ. ಬೇರೆಯವರು ಕೇಳುವಷ್ಟು ಗಟ್ಟಿಯಾಗಿ ಹೇಳುತ್ತೇನೆ. ಇದನ್ನು ನನಗೆ ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ.

ಈರುವಿಗೆ ಮಣ್ಣು ಕೊಟ್ಟ ಮರುದಿನ ಆಯಿ ಹೇಳಿಕಳಿಸಿದ ಇಬ್ಬರು ಆಳು ಕೊಡಲಿ ತಂದರು. ಗೋಡೆಯುದ್ದದ ಕಣಗಿಲೆ ಮಧ್ಯಾಹ್ನದೊಳಗೆ ನೆಲಕ್ಕೆ ಬಿತ್ತು, ಹೂ ಸಮೇತ. ಹಿತ್ತಲು ಒಮ್ಮೆಲೇ ಬೋಳಾಗಿ, ಆಚೆಯ ಓಣಿಯ ತಗಡಿನ ಮಾಳಿಗೆಗಳೆಲ್ಲ ಕಂಡವು. ಅವ್ವ ಅಡಿಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಜೀಪಿನಿಂದ ಇಳಿದ ಮೇಲೆ ಒಂದು ಮಾತೂ ಆಡಿರಲಿಲ್ಲ. ಆಳುಗಳು ಟೊಂಗೆಗಳನ್ನು ಒಟ್ಟಿ ಬೆಂಕಿಪೆಟ್ಟಿಗೆ ಕೇಳಿದರು. ಆ ಮಾತು ಕಿವಿಗೆ ಬಿದ್ದದ್ದೇ ಅವಳು ಎದ್ದು ಹಿತ್ತಲಿಗೆ ಓಡಿದಳು.

“ಸುಡಬ್ಯಾಡ್ರಿ! ಅದರ ಹೊಗಿ ವಿಷ ಐತಿ. ಓಣ್ಯಾಗ ಸಣ್ಣ ಸಣ್ಣ ಕೂಸ ಅದಾವು. ಹುಗೀರಿ, ಸುಡಬ್ಯಾಡ್ರಿ.”

ಓಣಿಯವರು ಗೋಡೆಯ ಮೇಲಿಂದ ನೋಡುತ್ತಿದ್ದರು. ಆಯಿ ಹಿತ್ತಲ ಬಾಗಿಲಲ್ಲಿ ನಿಂತು ಕೈಯೆತ್ತಿದಳು.

“ಕೇಳಿದ್ರಿಲ್ಲ? ವಿಷ ಅಂತ ಆಕಿನ ತನ್ನ ಬಾಯಿಲೆ ಹೇಳಿದ್ಳು.”

ಅವ್ವ ಆಯಿಯನ್ನು ನೋಡಿದಳು. ಆಮೇಲೆ ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು. ಗಿಡವೇ ಕೊಂದಿತೆಂದು ಅವಳು ನಂಬಿದ್ದು ಆ ಕ್ಷಣದಲ್ಲಿ ಎಂದು ನನಗೆ ಅನ್ನಿಸುತ್ತದೆ. ಮೊದಲ ಮಳೆಗೆ ಬೊಡ್ಡೆಗಳಿಂದ ಕೆಂಪು ಚಿಗುರು ಎದ್ದಾಗ, ಯಾರೂ ಹೇಳದೆಯೇ, ಬಚ್ಚಲ ಹಂಡೆಯಲ್ಲಿ ನೀರು ಕುದಿಸಿ ಒಂದೊಂದು ಬುಡಕ್ಕೂ ಅವಳೇ ಸುರಿದಳು. ಉಗಿ ಏಳುತ್ತಿತ್ತು. ಮತ್ತೆ ಚಿಗುರಿದರೆ ಮತ್ತೆ ಸುರಿದಳು. ಬೇರು ಆಳಕ್ಕೆ ಇಳಿಯುವಂತೆ ಬೆಳೆಸಿದವಳೂ ಅವಳೇ ಆದ್ದರಿಂದ, ಅವು ಸಾಯಲು ಬಹಳ ದಿನ ಹಿಡಿಯಿತು.

ಅಪ್ಪ ಬೇಡಿಕೊಂಡು ಇಂಡಿಗೆ ವರ್ಗ ಮಾಡಿಸಿಕೊಂಡ. ಆಯಿಯೂ ನಮ್ಮ ಜೊತೆ ಬಂದಳು. ಅಲ್ಲಿನ ಬಾಡಿಗೆ ಮನೆಯ ಮುಂದೆ ಸಾಕಷ್ಟು ಜಾಗ ಇತ್ತು, ನೀರು ಸಿಹಿ ಇತ್ತು. ಅವ್ವ ಅಲ್ಲಿ ತುಳಸಿಯನ್ನೂ ಹಚ್ಚಲಿಲ್ಲ. ದಿನಾ ಕಸ ಗುಡಿಸಿ, ಸಾರಿಸಿ, ಒಂದು ಹುಲ್ಲೂ ಏಳದಂತೆ ಇಟ್ಟಳು. ಅವಳ ಹೊಸ ರೂಢಿಯೆಂದರೆ ಕೈ ತೊಳೆಯುವುದು. ಹಿಟ್ಟು ನಾದುವ ಮೊದಲು, ನನಗೆ ಬಡಿಸುವ ಮೊದಲು, ನನ್ನ ಹೆರಳು ಹಾಕುವ ಮೊದಲು, ಬೂದಿ ಹಚ್ಚಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ಬೆರಳ ಸಂದುಗಳು ಬಿರಿದು ರಕ್ತ ಬರುತ್ತಿತ್ತು. ಖಾರದ ಹಿಂಡಿ ಕುಟ್ಟುವಾಗ ಉರಿಯಿಂದ ತುಟಿ ಕಚ್ಚಿಕೊಳ್ಳುವುದನ್ನು ನೋಡಿದ್ದೇನೆ. ತಂಗಿ ಗೌರಿ ಹುಟ್ಟಿದಳು. ಆಯಿ ಕೂಸನ್ನು ಅವ್ವನೊಬ್ಬಳ ಜೊತೆ ಬಿಡುತ್ತಿರಲಿಲ್ಲ. ಹಾಲು ಕುಡಿಸಿದ ಕೂಡಲೇ “ಇತ್ತ ಕೊಡು ಕೂಸಿನ್ನ” ಎಂದು ಕೈ ಚಾಚುತ್ತಿದ್ದಳು. ಅವ್ವ ವಾದ ಮಾಡುತ್ತಿರಲಿಲ್ಲ. ಕೊಟ್ಟುಬಿಡುತ್ತಿದ್ದಳು, ಕೊಡುವುದೇ ಸರಿ ಎಂಬಂತೆ. ಎಳ್ಳಮಾಸೆ ಹಬ್ಬಕ್ಕೆ ಹೊಲದಲ್ಲಿ ಎಲ್ಲರೂ ಕೂತು ಸಜ್ಜೆಯ ಕಡಬು, ಬದನೆಕಾಯಿ ಭರ್ತ ಉಣ್ಣುವಾಗ ಅವಳು ಮಕ್ಕಳಿಂದ ದೂರ, ಬದುವಿನ ಆ ತುದಿಗೆ ಕೂತಿರುತ್ತಿದ್ದಳು. ಅಪ್ಪ ಅದನ್ನೆಲ್ಲ ನೋಡುತ್ತಿದ್ದ. ನೋಡಿ, ತಟ್ಟೆಯಲ್ಲಿ ಕೈ ತೊಳೆದು ಎದ್ದುಹೋಗುತ್ತಿದ್ದ.

ಆಯಿಗೆ ಕೊನೆಗೆ ಲಕ್ವಾ ಹೊಡೆಯಿತು. ಒಂದು ಬದಿ ಸ್ವಾಧೀನ ತಪ್ಪಿದ ಅವಳನ್ನು ಎತ್ತಿ, ಮೀಯಿಸಿ, ನುಚ್ಚು ಮಜ್ಜಿಗೆ ಕಲಸಿ ತಿನ್ನಿಸಿದ್ದು ಅವ್ವನೇ. ಹಾಗೆ ತಿನ್ನಿಸುವಾಗ ಆಯಿಯ ಕಣ್ಣಿಂದ ಒಮ್ಮೊಮ್ಮೆ ನೀರು ಇಳಿಯುತ್ತಿತ್ತು. ಅದು ಕಾಯಿಲೆಯ ನೀರೋ, ಮತ್ತೇನೋ, ನನಗೆ ಗೊತ್ತಿಲ್ಲ. ಮಾತು ನಿಂತುಹೋಗಿತ್ತು. ಹಾಗೆಯೇ ಹೋದಳು.

ಅಷ್ಟರಲ್ಲಿ ನಾನು ಬಿಜಾಪುರದಲ್ಲಿ ನರ್ಸಿಂಗ್ ಕಲಿಯುತ್ತಿದ್ದೆ. ಒಂದು ದಿನ ವಾರ್ಡಿನಲ್ಲಿ ಒಂದು ಕೂಸನ್ನು ಕಂಡೆ. ಜ್ವರ, ವಾಂತಿ, ಬೆಳಕಿಗೆ ಮುಚ್ಚಿದ ಕಣ್ಣು, ಹಿಂದಕ್ಕೆ ಬಾಗಿದ ಕುತ್ತಿಗೆ. ಮಿದುಳು ಜ್ವರದ ಬಗ್ಗೆ ನಮಗೆ ಪಾಠವಾಗಿತ್ತು, ವಿಷದ ಗಿಡಗಳ ಬಗ್ಗೆಯೂ ಆಗಿತ್ತು. ಆದರೂ ಅವೆರಡನ್ನೂ ನಮ್ಮ ಮನೆಯ ಪಕ್ಕ ಇಟ್ಟು ನೋಡುವ ಧೈರ್ಯ ಆ ಕೂಸನ್ನು ನೋಡುವ ತನಕ ಬಂದಿರಲಿಲ್ಲ. ಮುಂದಿನ ರವಿವಾರವೇ ಇಂಡಿಗೆ ಹೋದೆ. ಮಧ್ಯಾಹ್ನ, ಅಪ್ಪ ಊಟಕ್ಕೆ ಕೂತಿದ್ದ, ಅವ್ವ ಒಲೆಯ ಮುಂದಿದ್ದಳು. ಗೌರಿ ಗೆಳತಿಯ ಮನೆಗೆ ಹೋಗಿದ್ದಳು.

“ಅವ್ವಾ, ಈರೂಗ ಜ್ವರಾ ಬಂದಿತ್ತು, ಕುತ್ತಿಗಿ ಬಿಗದಿತ್ತು, ಹೌದಲ್ಲ? ಕಣಗಿಲ ತಿಂದ್ರ ಹಂಗ ಆಗೂದಿಲ್ಲವ್ವಾ. ಅದು ಎದಿ ಬಡಿತಾ ಕೆಡಸ್ತೈತಿ. ಹಿಂಗ ದಿನಗಟ್ಟಲೆ ಜ್ವರಾ ತರೂದಿಲ್ಲ. ಈರೂಂದು ಮಿದುಳ ಜ್ವರಾ. ಗಿಡದ್ದಲ್ಲ.”

ಹಂಚಿನ ಮೇಲಿನ ರೊಟ್ಟಿ ಕರಕಾಗತೊಡಗಿತು. ಅವ್ವ ನನ್ನನ್ನು ನೋಡಲಿಲ್ಲ, ಅಪ್ಪನನ್ನು ನೋಡಿದಳು. ಏಕೆಂದರೆ ಅವನ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತ್ತು.

“ಡಾಕ್ಟರೂ ಹಂಗ ಅಂದಿದ್ದ,” ಅಂದ ಅಪ್ಪ.

“ಯಾವ ಡಾಕ್ಟರ್ರಿ?”

“ಬಿಜಾಪುರದಾಂವ. ಅವತ್ತ ಹೇಳಿದ್ದ. ಮಿದುಳಿಗೆ ಏರೈತಿ, ಮೊದಲ ತಂದಿದ್ರ ನೋಡಬಹುದಿತ್ತು ಅಂತ.”

“ನಂಗ ಯಾಕ ಹೇಳಲಿಲ್ಲ?”

“ಹೇಳಿದ್ರ ನಮ್ಮವ್ವನ ಮ್ಯಾಲೆ ಬರ್ತಿತ್ತು ಗಂಗಾ. ಆಕಿನ ತಡದಿದ್ಳಲ್ಲ. ಆಕಿ ಜೀವಾ ಬಿಡ್ತಿದ್ಳು. ಗಿಡದ ಮ್ಯಾಲೆ ಹೋದ್ರ ಹೋಗ್ಲಿ, ಗಿಡಕ್ಕೇನ ನೋವಾಗ್ತೈತಿ ಅಂತ ಸುಮ್ಮನಾದೆ.”

“ಗಿಡಕ್ಕ ನೋವಿಲ್ಲ. ಹಚ್ಚಿದ ಕೈಗೆ?”

ಅವ್ವನ ದನಿ ಏರಲಿಲ್ಲ. ಬಿರಿದ ಬೆರಳುಗಳಿಂದ ಕರಕು ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟು, ಮತ್ತೆ ಹೇಳಿದಳು.

“ನನ್ನ ಕೂಸಿನ್ನ ನಾನ ಕೊಂದೇನಿ ಅಂತ ತಿಳಕೊಂಡಿದ್ದೆ. ಗೊತ್ತಿತ್ತೇನ್ರಿ ನಿಮಗ? ಗೌರಿಗೆ ಹಾಲ ಕುಡಸೂಮುಂದ ಆಕಿನ್ನೂ ಎಲ್ಲಿ ಕೊಲ್ತೇನೋ ಅಂತಿದ್ದೆ.”

ಅಪ್ಪನ ಹೆಗಲು ಅಲುಗಿತು. ಅವನು ಅಳುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅವ್ವ ಅವನು ಸಾವರಿಸಿಕೊಳ್ಳುವ ತನಕ ಕಾದಳು.

“ಸಿಂದಗಿಗೆ ಹೋಗ್ರಿ. ಅವತ್ತ ಪಡಸಾಲ್ಯಾಗ ಯಾರ್ಯಾರ ಕುಂತಿದ್ರು, ಗ್ವಾಡಿ ಮ್ಯಾಲಿಂದ ಯಾರ್ಯಾರ ನೋಡಿದ್ರು, ಅವರ ಮನಿಮನಿಗೆ ಹೋಗ್ರಿ. ಗಂಗಾನ ಗಿಡಾ ಅಲ್ಲ ಅಂತ ಹೇಳಿ ಬರ್ರಿ.”

“ಇಷ್ಟ ವರ್ಷದ ಮ್ಯಾಲೆ...”

“ಹೋಗ್ರಿ.”

ಮರುದಿನ ಮುಂಜಾನೆಯ ಮೊದಲ ಬಸ್ಸಿಗೆ ಅಪ್ಪ ಹೋದ, ಖಾಕಿ ಹಾಕದೆ, ಬಿಳಿಯ ಅಂಗಿ ಧೋತರ ಉಟ್ಟು. ನಾನು ಅವತ್ತು ಕಾಲೇಜಿಗೆ ಮರಳಲಿಲ್ಲ. ಅವ್ವ ಅಡಿಗೆ ಮಾಡಿದಳು, ಉಣ್ಣಲಿಲ್ಲ. ಬಾಗಿಲ ಕಟ್ಟೆಗೆ ಬಂದು ಕೂತು, ಎದ್ದು ಒಳಗೆ ಹೋಗಿ, ಮತ್ತೆ ಬಂದು ಕೂತಳು. ಬಿಸಿಲು ಇಳಿಯುವ ಹೊತ್ತಿಗೆ ಅವನು ಓಣಿಯ ತಿರುವಿನಲ್ಲಿ ಕಾಣಿಸಿಕೊಂಡ. ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಚಪ್ಪಲಿಯ ಬಾರು ಬಿಚ್ಚಿದ. ಅವ್ವ ನೀರು ತಂದುಕೊಟ್ಟಳು.

“ಹೇಳಿ ಬಂದೆ,” ಅಂದ.

“ದುಂಡವ್ವ ಅದಾಳೇನ್ರಿ?”

“ಅದಾಳ. ಕಣ್ಣ ಕಾಣಂಗಿಲ್ಲ ಆಕಿಗೆ.”

“ಏನಂದ್ಳು?”

“ಯಾವ ಗಿಡಾ ಅಂತ ಕೇಳಿದ್ಳು.”

ಅವ್ವ ಅವನ ಕೈಯಿಂದ ತಂಬಿಗೆ ತೆಗೆದುಕೊಂಡಳು.

“ಉಳದವರು?”

“ಯಾರಿಗೂ ನೆನಪಿಲ್ಲ ಗಂಗಾ. ನಿಮಗೊಬ್ಬ ಮಗಾನೂ ಇದ್ದನೇನು ಅಂದ್ರು ಕೆಲವ್ರು.”

ಅವ್ವ ಅಲ್ಲೇ, ಗುಡಿಸಿ ಬೋಳು ಮಾಡಿದ್ದ ಅಂಗಳದಲ್ಲಿ, ಕೂತುಬಿಟ್ಟಳು. ತಂಬಿಗೆ ಉರುಳಿತು. ಅಷ್ಟು ವರ್ಷಗಳಲ್ಲಿ ಅವಳ ಬಾಯಿಂದ ಅವನ ಹೆಸರು ನಾನು ಒಮ್ಮೆಯೂ ಕೇಳಿರಲಿಲ್ಲ.

“ಇದ್ದಾ,” ಅಂದಳು. “ಇದ್ದಾ. ಈರಣ್ಣ ಅಂತ ಇದ್ದಾ ನನ್ನ ಮಗಾ.”

ಆಮೇಲೆ ಅವಳು ದನಿ ತೆಗೆದು ಅತ್ತಳು, ಜೀಪು ಬಂದ ದಿನ ಅಳಬೇಕಿದ್ದಂತೆ, ಅವನ ಹೆಸರು ಹಿಡಿದು ಕರೆಯುತ್ತ ಅತ್ತಳು. ಏನಾಯಿತೆಂದು ಇಂಡಿಯ ಆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಮನೆಯಿಂದ ಹೊರಗೆ ಬಂದರು. ಅಪ್ಪ ಎದ್ದು ನಿಂತು, ಬಸ್ಸಿನಲ್ಲಿ ಕೂಗುವ ದನಿಯಲ್ಲಿ ಅವರಿಗೆ ಹೇಳಿದ.

“ನಮ್ಮ ಮಗಾ ತೀರಕೊಂಡಾನ್ರಿ. ಜ್ವರಾ ಬಂದು.”